ಅಕ್ಕನ ಫೈಲು

ಮೂರು ವರ್ಷದ ಹಿಂದಿನ ನನ್ನ ದಿನಚರಿಯಲ್ಲಿ ಆಷಾಢದ ಒಂದು ಪುಟ ಹೀಗಿದೆ: ಇಂಟರ್ನಲ್ಸ್ ಅಂಕಗಳನ್ನು ಆಫೀಸಿಗೆ ಕೊಟ್ಟೆ. ಹಲಸಿನ ಹಪ್ಪಳದ ಡಬ್ಬಿಗೆ ಬೂಸಲು ಬಂದು ಅರ್ಧ ಎಸೆಯಬೇಕಾಯಿತು, ಅದೂ ಈ ಸಲ ಖಾರ ಸರಿಯಾಗಿ ಕೂಡಿದ್ದ ಹಪ್ಪಳ. ಕರೆಂಟು ಮೂರು ಸಲ ಹೋಯಿತು. ತಮ್ಮನಿಗೆ ಪೆಡಲ್ ಫೈಲು ಕೊಟ್ಟೆ.

ಹಪ್ಪಳಕ್ಕೆ ಎರಡು ಸಾಲು ಹೋಗಿದೆ. ಫೈಲಿಗೆ ನಾಲ್ಕು ಪದ.

ದಿನಚರಿ ಬರೆಯಲು ಶುರುಮಾಡಿದ್ದೇ ನೆನಪನ್ನು ನಂಬದ ಕಾರಣಕ್ಕೆ. ಎಂ.ಎಸ್ಸಿ. ಓದುವಾಗ ಒಮ್ಮೆ ಪ್ರಯೋಗದ ಅಳತೆಗಳನ್ನು ಆಗಲೇ ಬರೆದುಕೊಳ್ಳದೆ ಸಂಜೆ ಹಾಸ್ಟೆಲಿನಲ್ಲಿ ಕೂತು ನೆನಪಿನಿಂದ ತುಂಬಿಸಿದ್ದೆ. ಮಾರನೆಯ ದಿನ ಮತ್ತೆ ಅಳೆದಾಗ ಒಂದೂ ತಾಳೆಯಾಗಲಿಲ್ಲ. ತುಂಬಿಸುವಾಗ ಮಾತ್ರ ಪ್ರತಿಯೊಂದು ಅಂಕೆಯೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಂದಿನಿಂದ, ಕಣ್ಣಿಗೆ ಕಟ್ಟಿದ ಹಾಗಿರುವುದರ ಬಗ್ಗೆಯೇ ನನಗೆ ಭಯ ಹೆಚ್ಚು. ಆದ್ದರಿಂದ ಈಗ ಬರೆಯುತ್ತಿರುವುದರಲ್ಲಿ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದು ಹೇಳುತ್ತೇನೆ. ಖಾತ್ರಿ ಇರುವ ಕಡೆಯೂ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಸಾಗರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ನನ್ನ ತಮ್ಮ ಹೊಸನಗರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಹುಲಿಕಲ್ ಘಾಟಿ ಹತ್ತಿ ಬರುವ ಗಾಡಿಗಳು ಕೆಟ್ಟರೆ ಅವನ ಹತ್ತಿರ ಬರುತ್ತವೆ. ಆ ಮಳೆಗಾಲ ಅವನ ಅಂಗಳದಲ್ಲಿ ಒಂದೇ ಕಾಯಿಲೆಯ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ಏರಿನಲ್ಲಿ ಹೋಗುತ್ತಿರುವಾಗ ಹಳದಿ ದೀಪ ಹತ್ತುತ್ತದೆ, ಎಂಜಿನ್ನಿನ ಉಸಿರು ಬಿಟ್ಟುಹೋಗುತ್ತದೆ, ಎಷ್ಟು ಒತ್ತಿದರೂ ಗಾಡಿ ಎಮ್ಮೆಯ ಹಾಗೆ ತೆವಳುತ್ತದೆ. ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದರೆ ಮತ್ತೆ ಸರಿ. ಹಿಂದೆ ಬಸ್ಸು, ಮುಂದೆ ತಿರುವು, ನಡುವೆ ಲೋಡಿನ ಗಾಡಿ ನಿಂತರೆ ಏನಾಗಬಹುದು ಎಂದು ಘಾಟಿ ನೋಡಿದವರಿಗೆ ಹೇಳಬೇಕಾಗಿಲ್ಲ.

ಈಗಿನ ಗಾಡಿಗಳಲ್ಲಿ ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎಂದು ತೀರ್ಮಾನಿಸುವುದು ಚಾಲಕನ ಕಾಲಲ್ಲ, ಒಂದು ಪುಟ್ಟ ಕಂಪ್ಯೂಟರು. ಗ್ಯಾರೇಜಿನವರು ಅದನ್ನು ಇಸಿಎಂ ಎನ್ನುತ್ತಾರೆ. ಎಕ್ಸಲೇಟರ್ ಪೆಡಲಿಗೂ ಎಂಜಿನ್ನಿಗೂ ಹಿಂದಿನ ಹಾಗೆ ತಂತಿಯ ಸಂಬಂಧವಿಲ್ಲ. ಪೆಡಲಿನ ಬುಡದಲ್ಲಿ ಎರಡು ಸೆನ್ಸರುಗಳಿವೆ. ಒಂದೇ ಕಾಲಿನ ಬಗ್ಗೆ ಅವು ಎರಡು ಸಾಕ್ಷಿ ಹೇಳುತ್ತವೆ. ಕಂಪ್ಯೂಟರು ಮೊದಲನೆಯದರ ಮಾತು ಕೇಳಿ ಡೀಸೆಲ್ ಬಿಡುತ್ತದೆ, ಆದರೆ ಪ್ರತಿ ಕ್ಷಣವೂ ಎರಡನೆಯದರ ಜೊತೆ ಹೋಲಿಸಿ ನೋಡುತ್ತದೆ. ಎರಡೂ ಒಂದು ಮಿತಿಗಿಂತ ಹೆಚ್ಚು ಬೇರೆಬೇರೆ ಹೇಳಿದರೆ ಎರಡನ್ನೂ ನಂಬುವುದನ್ನು ನಿಲ್ಲಿಸಿ ಎಂಜಿನ್ನನ್ನು ನಿಧಾನಕ್ಕಿಳಿಸುತ್ತದೆ. ಪಿಕಪ್ಪುಗಳು ಏರಿನಲ್ಲಿ ಸೋಲುತ್ತಿದ್ದುದು ಇದಕ್ಕೇ.

ಸಾಕ್ಷಿಗಳು ಯಾಕೆ ಬೇರೆಬೇರೆ ಹೇಳುತ್ತಿದ್ದವು ಎಂಬುದಕ್ಕೆ ಕಾರಣ ಪೆಡಲಿನ ಕನೆಕ್ಟರಿನಲ್ಲಿತ್ತು. ತಮ್ಮ ಅದನ್ನು ಕಿತ್ತು ನನ್ನ ಅಂಗೈ ಮೇಲೆ ಇಟ್ಟ. ಒಳಗೆಲ್ಲ ಹಸಿರು ಕಿಲುಬು. ಅಡಿಕೆ ಕೊಳೆಯಬಾರದೆಂದು ಹೊಡೆಯುವ ಔಷಧಿಗೆ ಮೈಲುತುತ್ತ ಕರಗಿಸಿದ ನೀರು ಬೇಕಲ್ಲ, ಅದರ ಕ್ಯಾನನ್ನು ಎಲ್ಲರೂ ಮುಂದೆ, ಚಾಲಕನ ಕಾಲಿನ ಪಕ್ಕದಲ್ಲೇ ಇಡುತ್ತಾರೆ. ಕುಲುಕಾಟಕ್ಕೆ ಅದು ತುಳುಕುತ್ತದೆ, ನೀಲಿ ನೀರು ಪೆಡಲಿನ ಬುಡಕ್ಕೆ ಹೋಗುತ್ತದೆ.

“ಹಿಂದೆ ಇಡಕ್ಕೆಂತ ಆಗ್ತದೆ ನಿಮ್ಗೆ?” ಎಂದು ನಾನು ಒಬ್ಬ ಗಾಡಿಯವನನ್ನು ಕೇಳಿದ್ದೆ.

“ಹಿಂದೆ ಮರ ಹತ್ತೋರ ಬುತ್ತಿ ಇರ್ತದಲ್ರೀ ಮೇಡಂ. ವಿಷನ ಅನ್ನದ ಜೊತೆ ಇಡದಾ? ನೀವು ಇಡ್ತೀರಾ?”

ನಾನೂ ಇಡುವುದಿಲ್ಲ. ನಮ್ಮ ಕಡೆ ಯಾರೂ ಇಡುವುದಿಲ್ಲ. ಹಾಗಾಗಿ ಎಲ್ಲಾ ಪಿಕಪ್ಪುಗಳಲ್ಲೂ ಕ್ಯಾನು ಅದೇ ಜಾಗದಲ್ಲಿತ್ತು, ಎಲ್ಲಾ ಕನೆಕ್ಟರುಗಳಿಗೂ ಅದೇ ಹಸಿರು ಹಿಡಿದಿತ್ತು. ಹೊಸ ಪೆಡಲು ಬೇಕು, ಬರಲು ಹದಿನೈದು ದಿನ ಆಗುತ್ತದೆ. ಔಷಧಿಯ ಕಾಲದಲ್ಲಿ ಹದಿನೈದು ದಿನ ಗಾಡಿ ನಿಲ್ಲಿಸಲು ಯಾರೂ ತಯಾರಿರಲಿಲ್ಲ.

“ಅಕ್ಕ, ಅಷ್ಟರವರೆಗೆ ಅದು ಅನುಮಾನ ಪಡದೇ ಇರೋ ಹಂಗೆ ಮಾಡಕ್ ಬರಲ್ವಾ?” ಎಂದ ತಮ್ಮ. ನಾನು ಕನೆಕ್ಟರನ್ನು ತಿರುಗಿಸಿ ನೋಡುತ್ತಿದ್ದೆ. “ಬರಲ್ಲ ಅಂದ್ರೆ ಹೇಳ್ಬಿಡು. ಶಿವಮೊಗ್ಗದಲ್ಲಿ ಒಬ್ಬ ಹುಡುಗ ಇದಾನಂತೆ. ಎಸ್ಸೆಲ್ಸಿ ಫೇಲು.”

ನನ್ನನ್ನು ಎಲ್ಲಿ ಚುಚ್ಚಿದರೆ ಏಳುತ್ತೇನೆ ಎಂದು ಅವನಿಗೆ ಚಿಕ್ಕಂದಿನಿಂದ ಗೊತ್ತು.

ಕಂಪನಿಯವರು ಬರೆದ ಮೂಲ ಪ್ರೋಗ್ರಾಮು ನಮಗೆ ಸಿಗುವುದಿಲ್ಲ. ಕೇಬಲ್ಲು ಹಾಕಿ ಇಸಿಎಂನ ಒಳಗಿರುವುದನ್ನು ಲ್ಯಾಪ್‌ಟಾಪಿಗೆ ಎಳೆದರೆ ಬರುವುದು ಪುಟಗಟ್ಟಲೆ ಅಂಕೆಗಳು ಮಾತ್ರ. ಯಾವ ಅಂಕೆ ಏನು ಎಂದು ಎಲ್ಲೂ ಬರೆದಿರುವುದಿಲ್ಲ. ಲಿಪಿಯೂ ಭಾಷೆಯೂ ಗೊತ್ತಿಲ್ಲದ ಶಾಸನದ ಮುಂದೆ ಕೂತ ಹಾಗೆ. ಆದರೂ ದಿನಗಟ್ಟಲೆ ನೋಡುತ್ತಿದ್ದರೆ ಕೆಲವು ಗುರುತು ಹತ್ತುತ್ತವೆ. ಒಂದೇ ಅಂತರದಲ್ಲಿ ಏರುತ್ತಾ ಹೋಗುವ ಸಾಲು ಎಂಜಿನ್ನಿನ ವೇಗವಿರಬೇಕು. ಸೊನ್ನೆಗಿಂತ ಕೆಳಗಿನಿಂದ ಹತ್ತಿ ಬರುವ ಸಾಲು ಉಷ್ಣತೆ ಇರಬೇಕು. ಅದರ ಪಕ್ಕದ ಚೌಕದ ತುಂಬ ಇರುವುದು ಡೀಸೆಲಿನ ಪ್ರಮಾಣ. ನನಗೆ ಅದರ ಹುಚ್ಚು ಹಿಡಿಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಕಾಲೇಜು ಮುಗಿಸಿ ಬಂದು ಅದೇ ಕೆಲಸ. ಐದನೆಯ ದಿನಕ್ಕೆ ಎರಡು ಸಾಕ್ಷಿಗಳ ನಡುವಿನ ವ್ಯತ್ಯಾಸದ ಮಿತಿ ಎಲ್ಲಿದೆ ಎಂಬ ಊಹೆ ಬಂತು. ಅದಕ್ಕೆ ನಾನು ಅನುಮಾನದ ಅಂಕೆ ಎಂದು ಹೆಸರಿಟ್ಟೆ.

ಊಹೆಯನ್ನು ಪರೀಕ್ಷಿಸುವ ರೀತಿ ಒಂದಿದೆ. ಅನುಮಾನ ಬಂದ ಅಂಕೆಯನ್ನು ತುದಿಗೆ ಒಯ್ಯಬೇಕು. ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಯನ್ನು ನಮ್ಮ ಲೆಕ್ಕದಲ್ಲಿ ನಾಲ್ಕು ಎಫ್‌ಗಳಿಂದ ಬರೆಯುತ್ತೇವೆ. ಅದನ್ನು ಹಾಕಿ ಗಾಡಿಯ ನಡವಳಿಕೆ ಬದಲಾಯಿತೇ ನೋಡಬೇಕು. ಬದಲಾದರೆ ಊಹೆ ಸರಿ. ಆಮೇಲೆ ಅಂಕೆಯನ್ನು ವಾಪಸು ತರಬೇಕು.

ನಾನು ನಾಲ್ಕು ಎಫ್ ಹಾಕಿದೆ. ದೀಪ ಹತ್ತಲಿಲ್ಲ. ಊಹೆ ಸರಿಯಿತ್ತು. ಆಮೇಲೆ ವಾಪಸು ತಂದೆ. ಮೊದಲಿದ್ದುದಕ್ಕಿಂತ ಸ್ವಲ್ಪವೇ ಹೆಚ್ಚು, ಒಂದೂವರೆ ಪಟ್ಟು ಇಟ್ಟೆ. ಗ್ಯಾರೇಜಿನ ಮೇಜಿನ ಮೇಲೆ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಹೊರಗೆ ಟೈರಿನಲ್ಲಿ ನಿಂತ ನೀರಿಗೆ ಹನಿ ಬೀಳುವ ಸದ್ದು. “ಇದು ಒಂದೇ ಗಾಡಿಗೆ, ಹೊಸ ಪೆಡಲು ಬರೋವರೆಗೆ ಮಾತ್ರ” ಎಂದು ತಮ್ಮನಿಗೆ ಹೇಳಿದೆ. ಅವನು ತಲೆಯಾಡಿಸಿದ. ಇದೆಲ್ಲ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ವರ್ಷದ ಮೊದಲ ಔಷಧಿ ಮುಗಿದ ವಾರ ತಮ್ಮನ ಮಾವನ ಮನೆಯಿಂದ ಫೋನು ಬಂತು. ಮಾವ ಅಂದರೆ ಅವನ ಹೆಂಡತಿಯ ತಂದೆ. ಊರು ತೀರ್ಥಹಳ್ಳಿಯಿಂದ ಒಳಗೆ, ಕುಪ್ಪಳ್ಳಿಯ ಕಡೆ ಹೋಗುವ ದಾರಿಯಲ್ಲಿ. ಅವರಪ್ಪ ಗೇಣಿಗೆ ಮಾಡುತ್ತಿದ್ದ ಜಮೀನನ್ನು ಈಗ ಇವರೇ ಸ್ವಂತಕ್ಕೆ ಮಾಡುತ್ತಾರೆ. ಅರವತ್ತು ದಾಟಿದ್ದರೂ ಪಿಕಪ್ಪನ್ನು ಬೇರೆಯವರ ಕೈಗೆ ಕೊಡುವವರಲ್ಲ. ಅವತ್ತು ಬೆಳಗ್ಗೆ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಅದು ಇದ್ದಕ್ಕಿದ್ದಂತೆ ಮುಂದೆ ನುಗ್ಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಅತ್ತೆಯ, ಅಂದರೆ ಅವರ ಹೆಂಡತಿಯ, ಬಲಗಾಲು ಕಲ್ಲಿಗೂ ಬಂಪರಿಗೂ ನಡುವೆ ಸಿಕ್ಕಿತು. ಮಂಡಿಯ ಕೆಳಗೆ ಎರಡು ಕಡೆ ಮುರಿದಿತ್ತು. ಮನೆಯಂಗಳದ್ದೆಂದು ಕೇಸು ಏನೂ ಆಗಲಿಲ್ಲ.

ನೋಡಲು ಹೋದಾಗ ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕಾಲಿನೊಳಗೆ ಪ್ಲೇಟು ಕೂರಿಸಿದ್ದರು. ಮಾವ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಅಕ್ಕಪಕ್ಕದ ಮನೆಯವರು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು. ಬ್ರೇಕೆಂದುಕೊಂಡು ಎಕ್ಸಲೇಟರ್ ಒತ್ತಿದ್ದಾರೆ, ಪೇಪರಿನಲ್ಲಿ ಎಷ್ಟು ಓದುವುದಿಲ್ಲ.

“ನನ್ ಕಾಲು ಪೆಡಲ್ ಮೇಲೇ ಇರ್ಲಿಲ್ಲ ಮಾರಾಯ್ತಿ” ಎಂದರು ಮಾವ ನನಗೆ. “ಅಂಗಳದಲ್ಲಿ ನಾನು ಎಕ್ಸಲೇಟರ್ ಮುಟ್ಟದೇ ಇಲ್ಲ. ಡೀಸೆಲ್ ಗಾಡಿ, ಕ್ಲಚ್ ಬಿಟ್ರೆ ಅದೇ ತೆವಳ್ತದೆ. ಮೂವತ್ ವರ್ಷದಿಂದ ಹಂಗೇ ಮಾಡಿದ್ದು. ಬಲಗಾಲು ಕೆಳಗೆ ಮ್ಯಾಟಿನ ಮೇಲಿತ್ತು.”

ಒಳಗಿನಿಂದ ಅತ್ತೆ ಹೇಳಿದರು: “ಆತು ಬಿಡಿ, ಎಷ್ಟು ಸಲ ಹೇಳ್ತೀರಿ ಅದ್ನೇ. ವಯಸ್ಸಾದ್ಮೇಲೆ ಕಾಲು ನಮ್ ಮಾತು ಕೇಳ್ತದಾ? ನಾನೆಂತ ನಿಮ್ ಮೇಲೆ ಸಿಟ್ಟು ಮಾಡಿದೀನಾ?”

ಅವರ ದನಿಯಲ್ಲಿ ನಿಜವಾಗಿಯೂ ಸಿಟ್ಟಿರಲಿಲ್ಲ. ಮಾವ ಬಲಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಆಗ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು.

ಮೂರು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ತಮ್ಮನೂ ಜೊತೆಗಿದ್ದ. ಮಾವ ಇಳಿದುಹೋಗಿದ್ದರು. ಗಾಡಿಯ ಕೀಲಿಕೈಯನ್ನು ತಾವೇ ತಮ್ಮನ ಕೈಗೆ ಕೊಟ್ಟಿದ್ದರಂತೆ. ಗಾಡಿಯನ್ನು ಕಟ್ಟಿ ಎಳೆದು ಹೊಸನಗರಕ್ಕೆ ಒಯ್ದಾಗಿತ್ತು.

“ನಾನೇ ಒತ್ತಿದ್ದು” ಎಂದರು ನಾನು ಕೂರುವ ಮೊದಲೇ. “ಅವತ್ತು ಸುಳ್ಳು ಹೇಳ್ದೆ ನಿಂಗೆ. ಸುಳ್ಳು ಅಂತ ಗೊತ್ತಿರ್ಲಿಲ್ಲ ಅಷ್ಟೆ. ಈಗ ಸರಿಯಾಗಿ ನೆನಪಾಗ್ತದೆ. ಬರಿಗಾಲಲ್ಲಿದ್ದೆ. ಪೆಡಲಿನ ರಬ್ಬರು ತಣ್ಣಗಿತ್ತು. ಒತ್ತಿದ್ದು, ಅದು ಕೆಳಗೆ ಹೋಗಿದ್ದು, ಎಲ್ಲಾ ಕಾಲಿಗೆ ಗೊತ್ತಾಗ್ತದೆ.”

ಗೋಡೆಯ ಗೂಡಿನಲ್ಲಿ ಅರಿಶಿನದ ಬಟ್ಟೆಯ ಒಂದು ಪುಟ್ಟ ಗಂಟಿತ್ತು. ಸಿಗಂದೂರಿನ ಅಮ್ಮನಿಗೆ ತಪ್ಪುಕಾಣಿಕೆ ಎಂದು ಮುಡಿಪು ಕಟ್ಟಿಟ್ಟಿದ್ದರು. ಆಷಾಢ ಕಳೆದ ಮೇಲೆ ಒಂದು ಶುಕ್ರವಾರ ಹೋಗಿ, ನನ್ನ ಕೈಯಿಂದ ತಪ್ಪಾಯಿತು ಎಂದು ಒಪ್ಪಿಕೊಂಡು ಹಾಕಿ ಬರುವುದು. ನಮ್ಮ ಕಡೆ ಅಲ್ಲಿ ಹೋಗಿ ಒಪ್ಪಿಕೊಂಡ ಮೇಲೆ ಆ ಮಾತು ಮುಗಿದ ಹಾಗೆ. ಮತ್ತೆ ಯಾರೂ ಕೆದಕುವುದಿಲ್ಲ, ಒಪ್ಪಿಕೊಂಡವರೂ ಕೆದಕುವುದಿಲ್ಲ. ಅವರ ಪಾಲಿಗೆ ಅದು ನಿಜವಾಗಿ ನಿಂತುಬಿಡುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಆ ರಬ್ಬರಿನ ಮಾತು. ಮೂರು ವಾರದ ಹಿಂದೆ ಕಾಲು ಮ್ಯಾಟಿನ ಮೇಲಿತ್ತು ಎಂದು ಹೇಳಿದ ಮನುಷ್ಯನಿಗೆ ಈಗ ರಬ್ಬರಿನ ತಂಪು ನೆನಪಿದೆ. ಹಾಸ್ಟೆಲಿನಲ್ಲಿ ಕೂತು ನಾನು ತುಂಬಿಸಿದ್ದ ಅಂಕೆಗಳೂ ಹೀಗೇ ಬಂದಿದ್ದವು.

ವಾಪಸು ಬರುವಾಗ ಕಾರಿನಲ್ಲಿ ತಮ್ಮನನ್ನು ಕೇಳಿದೆ: “ಮಾವನ ಗಾಡಿಗೆ ಯಾವುದಾದ್ರೂ ಫೈಲು ಹಾಕಿದ್ಯನೋ?”

“ಯಾವ್ದು ಅಂದ್ರೆ? ಅಕ್ಕನ ಫೈಲು.”

“ಅಕ್ಕನ ಫೈಲು ಅಂದ್ರೆ ಎಂತ?”

ಅವನು ನನ್ನ ಕಡೆ ತಿರುಗಿ ನಕ್ಕ. “ನಿಂದೇ ಅಲ್ವಾ? ಪೆಡಲಿಂದು. ಮೆಕ್ಯಾನಿಕ್ಕುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ನಲ್ಲ, ಈಗ ಎಲ್ಲಾ ಕಡೆ ಅದ್ನ ಹಂಗೇ ಕರೀತಾರೆ. ತೀರ್ಥಹಳ್ಳೀಲೂ ಅಕ್ಕನ ಫೈಲು, ಸಾಗರದಲ್ಲೂ ಅಕ್ಕನ ಫೈಲು. ನಿನ್ ಮನೆ ಹಿಂದಿನ ಗ್ಯಾರೇಜಲ್ಲೂ ಇದೆ. ಅಕ್ಕ ಯಾರು ಅಂತ ಅವ್ನಿಗೆ ಗೊತ್ತಿಲ್ಲ ಅಷ್ಟೆ.”

ಮೂರು ವರ್ಷ ನಾನು ಆ ಗ್ಯಾರೇಜಿನ ಮುಂದೆ ನಡೆದು ಕಾಲೇಜಿಗೆ ಹೋಗಿದ್ದೇನೆ.

“ಒಂದೇ ಗಾಡಿಗೆ ಅಂತ ಹೇಳಿದ್ದೆ ನಾನು.”

“ಹೇಳಿದ್ಯಾ?” ಎಂದ ತಮ್ಮ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. “ಹೇಳಿರ್ಬಹುದು ಅಕ್ಕ. ನಂಗೆ ನೆನಪಿಲ್ಲ.”

ಮುಂದಿನ ಭಾನುವಾರ ಹೊಸನಗರಕ್ಕೆ ಹೋದೆ. ಮಾವನ ಪಿಕಪ್ಪು ಗ್ಯಾರೇಜಿನ ಮೂಲೆಯಲ್ಲಿ ಬಂಪರು ಬಾಗಿಸಿಕೊಂಡು ನಿಂತಿತ್ತು. ಪೆಡಲಿನ ಬುಡಕ್ಕೆ ಟಾರ್ಚು ಹಾಕಿದೆ. ಹಸಿರು ಕಿಲುಬು. ಮ್ಯಾಟಿನ ಮೇಲೆ ದುಂಡಗೆ ನೀಲಿ ಕಲೆ, ಕ್ಯಾನಿನ ಬುಡದ್ದು.

ಕೇಬಲ್ಲು ಹಾಕಿ ಒಳಗಿರುವುದನ್ನು ಓದಿದೆ. ಕಂಪನಿಯ ಮೂಲ ಫೈಲನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಅಷ್ಟು ಪುಟಗಳಲ್ಲಿ ಬೇರೆಯಾಗಿದ್ದದ್ದು ಒಂದೇ ಜಾಗ. ಅನುಮಾನದ ಅಂಕೆ ಇರುವ ಜಾಗ. ಅಲ್ಲಿ ಒಂದೂವರೆ ಪಟ್ಟು ಇರಲಿಲ್ಲ. ನಾಲ್ಕು ಎಫ್‌ಗಳಿದ್ದವು.

“ಇದು ನಾನು ಕೊಟ್ಟಿದ್ದಲ್ಲ” ಎಂದೆ ಕೂಡಲೇ. “ಯಾರೋ ಬದಲಾಯಿಸಿದಾರೆ. ನೀನೇನಾದ್ರೂ ಮಾಡಿದ್ಯಾ?”

“ನಂಗೆಲ್ಲಿ ಬರ್ತದೆ ಅಕ್ಕ ಅದೆಲ್ಲ. ನೀನು ಕೊಟ್ಟಿದ್ದನ್ನ ಹಾಕೋದೊಂದೇ ಗೊತ್ತು.”

ಬೇರೆ ಯಾರೋ ಮಾಡಿದ್ದು ಎಂದು ನಾನು ಅಷ್ಟು ಬೇಗ ಹೇಳಿದ್ದನ್ನು ಇಲ್ಲಿ ಬರೆದಿಡಬೇಕು. ಹಳೆಯ ಲ್ಯಾಪ್‌ಟಾಪು ಮನೆಯ ಅಟ್ಟದ ಮೇಲಿತ್ತು. ಅವತ್ತೇ ಸಾಗರಕ್ಕೆ ಬಂದು ತೆಗೆದು ನೋಡಿದೆ. ಆ ಆಷಾಢದ ತಾರೀಕಿನ ಎರಡು ಫೈಲುಗಳಿದ್ದವು. ಒಂದರಲ್ಲಿ ಒಂದೂವರೆ ಪಟ್ಟು, ಇನ್ನೊಂದರಲ್ಲಿ ನಾಲ್ಕು ಎಫ್. ಒಂದೂವರೆ ಪಟ್ಟಿನದು ಲ್ಯಾಪ್‌ಟಾಪಿನಿಂದ ಎಲ್ಲಿಗೂ ಹೋಗಿರಲಿಲ್ಲ. ತಮ್ಮನಿಗೆ ಕಳಿಸಿದ ಮೆಸೇಜಿನಲ್ಲಿ ಇದ್ದದ್ದು ಎರಡನೆಯದು. ಪರೀಕ್ಷೆಗೆಂದು ಮಾಡಿದ್ದು.

ವಾಪಸು ತಂದದ್ದು ನಿಜ. ತಂದದ್ದನ್ನು ಕೊಡಲಿಲ್ಲ. ಕರೆಂಟು ಮೂರು ಸಲ ಹೋಗಿತ್ತು ಎಂದು ದಿನಚರಿ ಹೇಳುತ್ತದೆ. ಆ ಗಡಿಬಿಡಿಯಲ್ಲಿ ಆಯಿತೇ, ಹಪ್ಪಳದ ಬೇಸರದಲ್ಲಿ ಆಯಿತೇ, ನನಗೆ ಗೊತ್ತಿಲ್ಲ. ಮೆಸೇಜಿನ ಕೆಳಗೆ ‘ಒಂದೇ ಗಾಡಿಗೆ’ ಎಂಬ ಮಾತೂ ಇರಲಿಲ್ಲ. ಹೆಬ್ಬೆರಳಿನ ಗುರುತೊಂದಿತ್ತು, ಅದು ತಮ್ಮನದು.

ಎರಡು ದಿನ ಬಿಟ್ಟು ಕಾಲೇಜಿಗೆ ರಜೆ ಹಾಕಿ ಮತ್ತೆ ಗ್ಯಾರೇಜಿಗೆ ಹೋದೆ. ಗಾಡಿಯ ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ನ್ಯೂಟ್ರಲಿನಲ್ಲಿಟ್ಟು ಶುರು ಮಾಡಿದೆವು. ಒಳಗೆ ಯಾರೂ ಇರಲಿಲ್ಲ. ಕನೆಕ್ಟರಿನ ಮೇಲೆ ಬಾಟಲಿಯಿಂದ ಒಂದು ಮುಚ್ಚಳ ನೀರು ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಂಜಿನ್ನು ಯಾರೋ ನಿಧಾನವಾಗಿ ಕಾಲಿಟ್ಟ ಹಾಗೆ ಏರತೊಡಗಿತು. ಏರಿತು, ಒಂದು ಕಡೆ ನಿಂತಿತು, ಮತ್ತೆ ಏರಿತು. ಪೆಡಲು ಮೇಲೇ ಇತ್ತು. ಮೊದಲನೆಯ ಸಾಕ್ಷಿ ಒತ್ತಿದ್ದಾರೆ ಎನ್ನುತ್ತಿತ್ತು, ಎರಡನೆಯದು ಇಲ್ಲ ಎನ್ನುತ್ತಿತ್ತು. ಕೇಳಿಸಿಕೊಳ್ಳಬೇಕಾದದ್ದನ್ನು ನಾನು ಕಿವುಡು ಮಾಡಿದ್ದೆ. ಗ್ಯಾರೇಜಿನ ತಗಡೆಲ್ಲ ನಡುಗುವಷ್ಟು ಸದ್ದಾದಾಗ ತಮ್ಮ ಕೈ ಹಾಕಿ ಕೀಲಿಕೈ ತಿರುಗಿಸಿದ.

ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಹೇಳಿದ: “ಅವ್ರು ಒಪ್ಕಂಡಾಗಿದೆ ಅಕ್ಕ. ಅತ್ತೆನೂ ಮನಸ್ಸಿಗೆ ಹಚ್ಕಂಡಿಲ್ಲ. ಈಗ ಎಂತಕ್ಕೆ? ನನ್ ಹೆಂಡ್ತಿಗೆ ನಾನೆಂತ ಹೇಳ್ಲಿ? ನಿಮ್ ಅಮ್ಮನ ಕಾಲು ನಮ್ ಗ್ಯಾರೇಜಲ್ಲಿ ಮುರೀತು ಅನ್ಲಾ?”

ನಾನು ಸಾಗರಕ್ಕೆ ವಾಪಸು ಬಂದೆ. ಒಂದು ವಾರ ಯಾರಿಗೂ ಏನೂ ಹೇಳಲಿಲ್ಲ. ಇನ್ನೊಮ್ಮೆ ಖಚಿತ ಮಾಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಖಚಿತ ಮಾಡಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆ ವಾರದ ದಿನಚರಿಯ ಪುಟಗಳು ಖಾಲಿ ಇವೆ. ಸಿಗಂದೂರಿಗೆ ಶುಕ್ರವಾರ ಹೊರಡುವುದು ಎಂದು ಮಾವ ತಾವೇ ಫೋನು ಮಾಡಿ ಹೇಳಿದಾಗ, ಅವರ ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಹಗುರ ಇತ್ತು. ಇನ್ನೆರಡು ದಿನ ಸುಮ್ಮನಿದ್ದರೆ ಆ ಹಗುರ ಅವರಿಗೆ ಉಳಿಯುತ್ತಿತ್ತು. ತಾನೇ ಹೆಂಡತಿಯ ಕಾಲು ಮುರಿದೆ ಎಂಬ ನೆನಪೂ ಸಾಯುವವರೆಗೆ ಉಳಿಯುತ್ತಿತ್ತು.

ತೀರ್ಥಹಳ್ಳಿಯಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲೇ ಹೊಸನಗರ. “ಗ್ಯಾರೇಜಿನ ಹತ್ರ ಐದು ನಿಮಿಷ ಇಳೀರಿ ಮಾವ, ಒಂದು ತೋರಿಸೋದಿದೆ” ಎಂದೆ.

ಅವರು ಬಿಳಿ ಪಂಚೆಯುಟ್ಟು ಬಂದಿದ್ದರು. ಮುಡಿಪು ಶರ್ಟಿನ ಜೇಬಿನಲ್ಲಿತ್ತು. ಪಿಕಪ್ಪನ್ನು ನೋಡಿದ ಕೂಡಲೇ ಹಿಂದಕ್ಕೆ ಸರಿದರು.

“ನಾನು ಹತ್ತಲ್ಲ.”

“ಹತ್ತಿ ಮಾವ. ಚಕ್ರಕ್ಕೆ ಕಲ್ಲು ಕೊಟ್ಟಿದೆ. ಕಾಲು ಮೇಲೆ ಮಡಚ್ಕಂಡು ಕೂತ್ಕಳಿ, ಊಟಕ್ಕೆ ಕೂತ್ಕಳ್ಳೋ ಹಂಗೆ.”

“ಎಂತ ಮಾಡ್ಸಕ್ಕೆ ಹೊರಟಿದ್ಯೇ ನೀನು? ಸರ್ಕಸ್ಸಾ?” ಎಂದು ನಗಲು ನೋಡಿದರು. ತಮ್ಮ ನಗಲಿಲ್ಲ. ಅದನ್ನು ನೋಡಿಯೇ ಇರಬೇಕು, ಸುಮ್ಮನೆ ಹತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಂಚೆಯನ್ನು ಮೊಣಕಾಲಿಗೆ ಎಳೆದುಕೊಂಡರು. ಎರಡೂ ಪಾದಗಳು ಅವರ ಕಣ್ಣ ಮುಂದೆಯೇ ಇದ್ದವು. ತಮ್ಮ ಎಂಜಿನ್ನು ಶುರು ಮಾಡಿದ. ನಾನು ಬಾಗಿಲ ಪಕ್ಕದಿಂದ ಬಗ್ಗಿ ಒಂದು ಮುಚ್ಚಳ ನೀರು ಹಾಕಿದೆ.

ಎಂಜಿನ್ನು ಏರುವಾಗ ಅವರು ನನ್ನನ್ನಾಗಲಿ ಪೆಡಲನ್ನಾಗಲಿ ನೋಡಲಿಲ್ಲ. ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಬಲಗಾಲಿನ ಹೆಬ್ಬೆರಳನ್ನು ಕೈಯಿಂದ ಹಿಡಿದುಕೊಂಡರು, ಅದು ಎಲ್ಲಿಯಾದರೂ ಹೋಗಿಬಿಡುತ್ತದೆ ಎಂಬ ಹಾಗೆ.

ತಮ್ಮ ಬಂದ್ ಮಾಡಿದ. ನಾನು ಎಲ್ಲವನ್ನೂ ಹೇಳಿದೆ. ಫೈಲು, ನಾಲ್ಕು ಎಫ್, ತಪ್ಪಾಗಿ ಕಳಿಸಿದ್ದು, ಒಂದು ವಾರ ಮುಚ್ಚಿಟ್ಟದ್ದು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೊನೆಗೆ ಕೇಳಿದ್ದು ಒಂದೇ.

“ಹಂಗಾರೆ ಆ ರಬ್ಬರು ತಣ್ಣಗಿದ್ದಿದ್ದು? ಅದೆಲ್ಲಿಂದ ಬಂತು?”

ಅವರು ಇಳಿದು ಪಂಚೆ ಸರಿಮಾಡಿಕೊಂಡು, ಅಂಗಳದಲ್ಲಿ ನಿಂತಿದ್ದ ಬೇರೆ ಗಾಡಿಗಳನ್ನು ಒಂದೊಂದಾಗಿ ನೋಡಿದರು.

“ಈ ಫೈಲು ಇನ್ನೆಷ್ಟು ಗಾಡೀಲಿದೆ?”

ನಾನು ತಮ್ಮನ ಮುಖ ನೋಡಿದೆ. ಅವನು ಬೆರಳು ಮಡಚಿ ಎಣಿಸಲು ಶುರು ಮಾಡಿ, ಎರಡನೆಯ ಕೈಗೆ ಬಂದಾಗ ನಿಲ್ಲಿಸಿದ. “ನಾನು ಹಾಕಿದ್ದು ನೆನಪು ಮಾಡ್ಕಬಹುದು ಮಾವ. ಗ್ರೂಪಲ್ಲಿ ಹೋಗಿದ್ದು ಗೊತ್ತಿಲ್ಲ.”

“ನೀವು ಬನ್ನಿ, ಹೊತ್ತಾತು” ಎಂದರು ಮಾವ. ಸಿಗಂದೂರಿಗೆ ಹೋಗುವುದು ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅನ್ನಲಿಲ್ಲ.

ಕಾರಿನಲ್ಲಿ ತಮ್ಮನ ಫೋನು ಇಸಿದುಕೊಂಡು ಮೆಕ್ಯಾನಿಕ್ಕುಗಳ ಗ್ರೂಪಿಗೆ ನನ್ನ ದನಿಯಲ್ಲೇ ಹೇಳಿ ಕಳಿಸಿದೆ. ಅಕ್ಕನ ಫೈಲು ಎಂದು ನೀವು ಹಾಕುತ್ತಿರುವುದು ತಪ್ಪು ಫೈಲು, ಗಾಡಿ ತಾನಾಗಿಯೇ ನುಗ್ಗುತ್ತದೆ, ತೆಗೆದು ಕಂಪನಿಯದನ್ನೇ ಹಾಕಿ, ಪೆಡಲು ಬದಲಾಯಿಸಿ, ಕ್ಯಾನು ಮುಂದೆ ಇಡಬೇಡಿ ಎಂದು ಗಾಡಿಯವರಿಗೆ ಹೇಳಿ. ಆನಂದಪುರದ ಕಡೆಯ ಕವಲು ದಾಟುವಷ್ಟರಲ್ಲಿ ಉತ್ತರಗಳು ಬಂದವು. ಕೆಲವರು ಹೆಬ್ಬೆರಳು ಕಳಿಸಿದ್ದರು. ಒಬ್ಬ ಕೈಮುಗಿದಿದ್ದ. ಒಬ್ಬ ನಗುತ್ತಾ ಹೇಳಿದ್ದ: “ಅಕ್ಕ ನಿಜವಾಗ್ಲೂ ಇದಾರಾ? ನಾವು ಹೆಸ್ರಷ್ಟೇ ಅನ್ಕಂಡಿದ್ವಿ.” ಇನ್ನೊಬ್ಬ ಬರೆದಿದ್ದ: “ಮೂರು ವರ್ಷ ಆತು ಹಾಕಿ, ಒಂದ್ ಸಲನೂ ದೀಪ ಹತ್ತಿಲ್ಲ. ಚೆನ್ನಾಗಿದೆ ಅಕ್ಕ, ಬಿಡಿ.”

ಸಾಗರ ದಾಟಿ ಹಿನ್ನೀರಿನ ಹತ್ತಿರ ಬಂದೆವು. ಲಾಂಚಿಗೆ ಕಾಯುವ ಕಾಲ ಹೋಯಿತು, ಈಗ ಸೇತುವೆಯಿದೆ. ಕೆಳಗೆ ನೀರು ಬೂದಿಬಣ್ಣದಲ್ಲಿ ಅಲುಗಾಡದೆ ಬಿದ್ದಿತ್ತು. ಎದುರಿನಿಂದ ಬರುವ ಪ್ರತಿ ಪಿಕಪ್ಪನ್ನೂ ಮಾವ ಕತ್ತು ತಿರುಗಿಸಿ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ದೇವಸ್ಥಾನದಲ್ಲಿ ಸಾಲು ಉದ್ದವಿತ್ತು. ಒಳಗೆ ಹೋಗುವ ಮೊದಲು ಮಾವ ಜೇಬಿನಿಂದ ಮುಡಿಪು ತೆಗೆದು ನನ್ನ ಕೈಯಲ್ಲಿಟ್ಟರು.

“ಕಟ್ಟಿದ್ದನ್ನ ಬಿಚ್ಚೋ ಹಂಗಿಲ್ಲ. ಮನೆಗೆ ವಾಪಸ್ ಒಯ್ಯೋ ಹಂಗೂ ಇಲ್ಲ. ಇದು ನಿಂದು, ನೀನೇ ಹಾಕು.” ಸ್ವಲ್ಪ ತಡೆದು ಹೇಳಿದರು: “ಸಿಟ್ಟಿಗೆ ಹೇಳ್ತಿಲ್ಲ ಕಣೆ. ಸಿಟ್ಟು ಬರ್ತದೇನೋ ನಾಳೆ. ಇವತ್ತು ಇನ್ನೂ ಬಂದಿಲ್ಲ.”

ಅವರಿಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು ಎಂದು ನನಗನ್ನಿಸಿತು. ಅತ್ತೆ ಸಿಟ್ಟು ಮಾಡದೆ ಹೋದದ್ದು ಅವರಿಗೆ ಏನು ಮಾಡಿತೋ, ಅದು ಆಗ ನನಗೆ ತಿಳಿಯಿತು.

ನಾನು ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ. ಆದರೂ ಗಂಟನ್ನು ಹಾಕುವಾಗ, ನನ್ನ ಕೈಯಿಂದ ತಪ್ಪಾಯಿತು ಎಂದು ಕೇಳುವ ಹಾಗೆಯೇ ಹೇಳಿದೆ. ಮಾವ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಅಲ್ಲಿ ಹೇಳಿದ ಮೇಲೆ ಮಾತು ಮುಗಿಯುತ್ತದೆ ಎನ್ನುತ್ತಾರೆ. ಮಾವನ ಪಾಲಿಗೆ ಮುಗಿಯಿತೋ ಏನೋ. ಬರುವಾಗ ಅವರು ಬಲಗಾಲನ್ನು ನೋಡಿಕೊಳ್ಳುತ್ತಾ ಒಂದೊಂದೇ ಮೆಟ್ಟಿಲು ಇಳಿದರು.

ಗಾಡಿಗಳು ನಿಲ್ಲುವ ಜಾಗದಲ್ಲಿ ತಮ್ಮ ಕಾರು ತೆಗೆಯಲು ಹೋದ. ನಮ್ಮೆದುರು ಒಂದು ಪಿಕಪ್ಪು ನಿಂತಿತ್ತು. ಹಿಂದೆ ಟಾರ್ಪಾಲಿನ ಕೆಳಗೆ ಹೆಂಗಸರು, ಮಕ್ಕಳು, ಬುತ್ತಿಯ ಸ್ಟೀಲು ಡಬ್ಬಿಗಳು. ಎರಡನೆಯ ಔಷಧಿಯ ಕಾಲ ಅದು. ಮುಂದಿನ ಗಾಜಿನಿಂದ ಒಳಗೆ ಬಗ್ಗಿ ನೋಡಿದೆ. ಕ್ಲಚ್ಚಿನ ಪಕ್ಕ ಖಾಲಿಯಿತ್ತು. ಎಕ್ಸಲೇಟರಿನ ಪಕ್ಕದಲ್ಲಿ ಕ್ಯಾನು ಇತ್ತು, ಮುಚ್ಚಳದ ಸುತ್ತ ನೀಲಿ ಇಳಿದಿತ್ತು.

“ಡ್ರೈವರ್ ಎಲ್ಲಿ?” ಎಂದು ಮೇಲಿದ್ದ ಹೆಂಗಸನ್ನು ಕೇಳಿದೆ.

“ಪ್ರಸಾದಕ್ಕೆ ಹೋಗಿದಾರೆ, ಬರ್ತಾರೆ. ಯಾಕೆ, ಗಾಡಿ ಅಡ್ಡ ಆತಾ?”

“ಇಲ್ಲ” ಎಂದೆ. “ಒಂದ್ ಮಾತು ಹೇಳೋದಿತ್ತು.”

ಬನ್ನಿ ಎಂದು ತಮ್ಮ ಕಾರಿನಿಂದ ಹಾರ್ನು ಮಾಡಿದ. ನಾನು ಹೋಗಲಿಲ್ಲ. ಮಾವ ಅವನಿಗೆ ನಿಲ್ಲು ಎಂದು ಕೈಮಾಡಿ, ಬಂದು ನನ್ನ ತೋಳು ಹಿಡಿದು ಎಳೆದರು. ಆಗ ನೋಡಿಕೊಂಡೆ. ನಾನು ನಿಂತಿದ್ದದ್ದು ಸರಿಯಾಗಿ ಬಂಪರಿನ ಮುಂದೆ.

ಇಬ್ಬರೂ ಪಕ್ಕಕ್ಕೆ ಸರಿದು ನಿಂತು ಡ್ರೈವರನ ದಾರಿ ಕಾಯತೊಡಗಿದೆವು.